ಮಂಡಿಗೆ ಟೇಪು ಹಿಡಿದು ಕಲಿತದ್ದು: ಅರಿಶಿನ, ಶಲ್ಲಕಿ, ಮೀನೆಣ್ಣೆ ತಗೊಳ್ಳುವ ಬಗೆ

ಇವತ್ತು ಬೆಳಿಗ್ಗೆ ನನ್ನ ಬಲಮಂಡಿಯ ಸುತ್ತಳತೆ 15 ಮುಕ್ಕಾಲು ಇಂಚು. ಎಡಮಂಡಿ 15 ಕಾಲು. ಬ್ಲೌಸ್ ಹೊಲಿಯುವವಳು ಮಂಡಿಯ ಅಳತೆ ಯಾಕೆ ಹೇಳುತ್ತಿದ್ದಾಳೆ ಅಂತ ನಗಬೇಡಿ. ಮೈಸೂರಿನಲ್ಲಿ 26 ವರ್ಷ ಕಾಲಲ್ಲಿ ತುಳಿಯುವ ಮೆಷಿನ್ ಮುಂದೆ ಕೂತವಳು ನಾನು. ದಸರಾ ಬಂತು ಅಂದರೆ ರಾತ್ರಿ ಹನ್ನೊಂದರವರೆಗೂ ತುಳಿಯುವುದೇ. ಐವತ್ತೈದು ದಾಟುವ ಹೊತ್ತಿಗೆ ಮೆಟ್ಟಿಲು ಇಳಿಯುವಾಗ ಮಂಡಿಯೊಳಗೆ ಮರಳು ಅರೆದ ಹಾಗೆ ಸದ್ದು ಶುರುವಾಯಿತು. ಎಕ್ಸ್‌ರೇ ತೆಗೆಸಿದೆ. ‘ಸವೆತ ಶುರುವಾಗಿದೆಯಮ್ಮಾ, ಎರಡನೇ ಗ್ರೇಡು. ತೂಕ ಇಳಿಸಿ, ತೊಡೆಯ ವ್ಯಾಯಾಮ ಮಾಡಿ, ತೀರಾ ನೋವಾದಾಗ ಮಾತ್ರ ಮಾತ್ರೆ’ ಅಂದರು ಡಾಕ್ಟರು.

ನಾನು ಮೊದಲೆರಡನ್ನು ಬಿಟ್ಟು ಮೂರನೆಯದನ್ನು ಹಿಡಿದೆ. ಡೈಕ್ಲೊಫೆನಾಕ್ ಮಾತ್ರೆಯನ್ನು ಪೆಪ್ಪರಮಿಂಟಿನ ಹಾಗೆ ನುಂಗಿದೆ. ಆರು ತಿಂಗಳಿಗೆ ಹೊಟ್ಟೆ ಉರಿ, ಎದೆ ಉರಿ. ‘ಇದನ್ನೇ ದಿನಾ ನುಂಗುತ್ತಿದ್ದರೆ ಕಿಡ್ನಿಗೂ ಏಟು ಬೀಳುತ್ತೆ’ ಅಂತ ಬೈಸಿಕೊಂಡೆ. ಆಮೇಲೆ ಶುರುವಾಯಿತು ನೋಡಿ, ನಾಟಿ ಔಷಧಿಯ ಮೆರವಣಿಗೆ. ಬ್ಲೌಸ್ ಕೊಡಲು ಬಂದವರೆಲ್ಲ ಒಂದೊಂದು ಹೇಳಿದರು. ನೆನೆಸಿದ ಮೆಂತ್ಯ, ಅರಿಶಿನದ ಹಾಲು, ಶುಂಠಿ ಕಷಾಯ, ಅಮೃತಬಳ್ಳಿ. ಎದುರುಮನೆಯವರ ಮಗ ಅಮೆರಿಕದಿಂದ ತಂದ ಗ್ಲುಕೋಸಮೈನ್ ಡಬ್ಬಿ ಬೇರೆ. ಐದನ್ನೂ ಒಟ್ಟಿಗೆ ತಗೊಂಡೆ. ಸ್ವಲ್ಪ ಕಡಿಮೆ ಆಯಿತು ಅನ್ನಿಸಿತು. ಯಾವುದರಿಂದ? ಗೊತ್ತಿಲ್ಲ. ಒಂದೇ ಬ್ಲೌಸಿಗೆ ಕಂಕುಳು, ಎದೆ, ತೋಳು ಮೂರೂ ಕಡೆ ಒಟ್ಟಿಗೆ ಬಿಚ್ಚಿ ಹೊಲಿದರೆ ಯಾವ ಕಡೆ ತಪ್ಪಿತ್ತು ಅಂತ ಹೇಗೆ ಗೊತ್ತಾಗಬೇಕು?

ಆಗ ಟೇಪು ಕೈಗೆ ತಗೊಂಡೆ. ಈ ಎರಡು ವರ್ಷದಲ್ಲಿ ಒಂದೊಂದನ್ನೇ ತಗೊಂಡು, ಅಳೆದು, ಬರೆದಿಟ್ಟಿದ್ದೇನೆ. ಅದೇ ಲೆಕ್ಕ ಇಲ್ಲಿದೆ.

ನಿಮ್ಮದು ಯಾವ ನೋವು?

ಕೀಲುನೋವು ಅಂದರೆ ಎಲ್ಲಾ ಒಂದೇ ಅಲ್ಲ. ನನ್ನದು ಸವೆತ. ಬೆಳಿಗ್ಗೆ ಎದ್ದಾಗ ಮಂಡಿ ಬಿಗಿದಿರುತ್ತದೆ, ಕಾಫಿ ಕಾಯಿಸುವಷ್ಟರಲ್ಲಿ ಸಡಿಲವಾಗುತ್ತದೆ. ಹೆಚ್ಚೆಂದರೆ ಇಪ್ಪತ್ತು ನಿಮಿಷ. ನಡೆದಷ್ಟೂ ಸಂಜೆಗೆ ನೋವು ಜಾಸ್ತಿ.

ನನ್ನ ಓರಗಿತ್ತಿಯದು ಬೇರೆ. ಅವಳಿಗೆ ಎರಡೂ ಕೈಯ ಬೆರಳ ಗೆಣ್ಣುಗಳು ಒಟ್ಟಿಗೆ ಊದಿದವು. ಬೆಳಿಗ್ಗೆ ನಲ್ಲಿ ತಿರುಗಿಸಲು ಆಗುತ್ತಿರಲಿಲ್ಲ, ಹೂವಿನ ದಾರಕ್ಕೆ ಗಂಟು ಹಾಕಲು ಆಗುತ್ತಿರಲಿಲ್ಲ. ಬಿಗಿತ ಬಿಡಲು ಒಂದೂವರೆ ಗಂಟೆ. ಜೊತೆಗೆ ಸುಸ್ತು. ಅದು ರುಮಟಾಯ್ಡ್ ಸಂಧಿವಾತ. ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ಬೀಳುವ ಕಾಯಿಲೆ. ಅವಳು ವಾರಕ್ಕೊಮ್ಮೆ, ಸೋಮವಾರ ಮಾತ್ರ, ಅದಕ್ಕೆ ಡಾಕ್ಟರು ಕೊಟ್ಟ ಮೆಥೊಟ್ರೆಕ್ಸೇಟ್ ಮಾತ್ರೆ ತಗೊಳ್ಳುತ್ತಾಳೆ. (ವಾರಕ್ಕೊಮ್ಮೆ ಅಂದರೆ ವಾರಕ್ಕೊಮ್ಮೆಯೇ. ಇದನ್ನು ದಿನಾ ನುಂಗಿ ಪ್ರಾಣಕ್ಕೆ ತಂದುಕೊಂಡವರಿದ್ದಾರೆ. ಅವಳ ಮನೆಯ ಕ್ಯಾಲೆಂಡರಿನಲ್ಲಿ ಸೋಮವಾರಗಳಿಗೆಲ್ಲ ಕೆಂಪು ದಾರದ ತುಂಡು ಅಂಟಿಸಿ ಕೊಟ್ಟಿದ್ದು ನಾನೇ.) ಈ ಕಾಯಿಲೆ ಇರುವವರು ಕೆಳಗಿನ ಯಾವುದನ್ನೇ ಆಗಲಿ ಡಾಕ್ಟರ ಮಾತ್ರೆಯ ಜೊತೆಗೆ, ಅವರನ್ನು ಕೇಳಿ ತಗೊಳ್ಳಬೇಕು. ಮಾತ್ರೆ ಬಿಟ್ಟು ಅರಿಶಿನ ಹಿಡಿದರೆ ಬೆರಳು ಸೊಟ್ಟಗಾಗುತ್ತವೆ. ಸೊಟ್ಟಗಾದ ಬೆರಳನ್ನು ಯಾವ ಕಷಾಯವೂ ನೇರ ಮಾಡುವುದಿಲ್ಲ.

ಇನ್ನು ನಡುರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಜೀವ ಹೋಗುವಂತಾದರೆ ಅದು ಯೂರಿಕ್ ಆ್ಯಸಿಡ್‌ನ ಗೌಟ್ ಇರಬಹುದು. ಅದರ ದಾರಿಯೇ ಬೇರೆ. ಒಂದೇ ಕೀಲು ದಿಢೀರ್ ಊದಿ, ಬಿಸಿಯಾಗಿ, ಜ್ವರವೂ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕೀಲಿನೊಳಗೆ ಕೀವು ಆಗಿರಬಹುದು.

ಅಳತೆ ಹೀಗೆ

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಬೆಳಿಗ್ಗೆ ಎದ್ದು ಓಡಾಡುವ ಮೊದಲೇ, ಹಾಸಿಗೆಯ ಮೇಲೆ ಕಾಲು ನೀಡಿ ಕೂತುಕೊಳ್ಳಿ. ಟೇಪನ್ನು ಮಂಡಿಚಿಪ್ಪಿನ ಸರಿಮಧ್ಯಕ್ಕೆ ಸುತ್ತಿ. ಬಿಗಿಯಬೇಡಿ. ಟೇಪು ಚರ್ಮಕ್ಕೆ ತಾಗಬೇಕು, ಚರ್ಮ ಒಳಗೆ ಒತ್ತಬಾರದು. ಬ್ಲೌಸಿನ ಅಳತೆಗೆ ನಾವು ಒಂದು ಬೆರಳು ಒಳಗಿಟ್ಟು ತಗೊಳ್ಳುತ್ತೇವಲ್ಲ, ಇಲ್ಲಿ ಆ ಬೆರಳು ಬೇಡ. ಎರಡು ಸಲ ಅಳೆಯಿರಿ. ಎರಡೂ ಒಂದೇ ಬಂದರೆ ಬರೆಯಿರಿ. ಹಳೇ ಬಟ್ಟೆ ಟೇಪು ಜಗ್ಗಿ ಜಗ್ಗಿ ಉದ್ದವಾಗಿರುತ್ತದೆ, ಸ್ಕೇಲಿಗೆ ಹಿಡಿದು ನೋಡಿಕೊಳ್ಳಿ. ನನ್ನ ಹಳೇ ಟೇಪು ಅರವತ್ತಿಂಚಿಗೆ ಅರ್ಧ ಇಂಚು ಸುಳ್ಳು ಹೇಳುತ್ತಿತ್ತು!

ಅಳತೆಯ ಜೊತೆಗೆ ಇನ್ನೂ ನಾಲ್ಕು ಸಂಗತಿ ಬರೆಯಿರಿ. ಬಿಗಿತ ಬಿಡಲು ಎಷ್ಟು ನಿಮಿಷ. ಹತ್ತಕ್ಕೆ ನೋವು ಎಷ್ಟು. ಮನೆಯ ಮೆಟ್ಟಿಲು ಹತ್ತಲು ಎಷ್ಟು ಸೆಕೆಂಡು (ನಮ್ಮ ತಾರಸಿಗೆ 14 ಮೆಟ್ಟಿಲು, ಶುರುವಿನಲ್ಲಿ ನನಗೆ 31 ಸೆಕೆಂಡು). ವಾರದಲ್ಲಿ ಎಷ್ಟು ನೋವಿನ ಮಾತ್ರೆ ನುಂಗಿದಿರಿ. ಈ ಕೊನೆಯದೇ ನನ್ನ ಪ್ರಕಾರ ಮುಖ್ಯ.

ಮೊದಲ ಎರಡು ವಾರ ಹೊಸದೇನೂ ತಗೊಳ್ಳಬೇಡಿ, ಸುಮ್ನೆ ಬರೆಯಿರಿ. ಇದನ್ನೇ ಯಾರೂ ಮಾಡುವುದಿಲ್ಲ. ನೋವು ತೀರಾ ಜಾಸ್ತಿಯಾದ ದಿನವೇ ಅಲ್ವಾ ನಾವು ಹೊಸ ಔಷಧಿ ಹುಡುಕುವುದು? ಹಾಗೆ ಉಕ್ಕಿದ ನೋವು ಎಷ್ಟೋ ಸಲ ಒಂದೆರಡು ವಾರದಲ್ಲಿ ತಾನಾಗೇ ಇಳಿಯುತ್ತದೆ. ಇಳಿದ ಹೆಸರು ಔಷಧಿಗೆ ಹೋಗುತ್ತದೆ. ಎರಡು ವಾರದ ಲೆಕ್ಕ ಕೈಯಲ್ಲಿದ್ದರೆ ಈ ಮೋಸ ಅರ್ಧ ತಪ್ಪುತ್ತದೆ. ಆಮೇಲೆ ಒಂದೇ ಒಂದು ಪದಾರ್ಥ, ಎಂಟು ವಾರ. ಕೆಲಸ ಮಾಡಿದೆ ಅನ್ನಿಸಿದರೆ ಎರಡು ವಾರ ಬಿಟ್ಟು ನೋಡಿ. ನೋವು ವಾಪಸ್ ಬಂದರೆ ಅದು ನಿಜವಾಗಿ ಕೆಲಸ ಮಾಡುತ್ತಿತ್ತು ಅಂತ ನಂಬಬಹುದು.

ಅರಿಶಿನ

ನನ್ನ ತವರು ಗುಂಡ್ಲುಪೇಟೆ ಕಡೆ. ಅರಿಶಿನ ಅಗೆಯುವುದನ್ನು, ದೊಡ್ಡ ಕಡಾಯಿಯಲ್ಲಿ ಬೇಯಿಸುವುದನ್ನು, ಕಣದಲ್ಲಿ ಹರಡಿ ಒಣಗಿಸುವುದನ್ನು ನೋಡಿಕೊಂಡೇ ಬೆಳೆದವಳು. ಬೇಯುವ ಅರಿಶಿನದ ಹಬೆಗೆ ಹಸಿಮಣ್ಣು, ಕರ್ಪೂರ ಎರಡೂ ಬೆರೆತಂಥ ವಾಸನೆ. ಆ ಮೂರು ವಾರ ಅಪ್ಪನ ಪಂಚೆಯೆಲ್ಲ ಹಳದಿ. ಹಾಗಾಗಿ ಅರಿಶಿನದ ಬಗ್ಗೆ ಯಾರಾದರೂ ಕೆಟ್ಟದ್ದು ಹೇಳಿದರೆ ನನಗೆ ಕೋಪ ಬರುತ್ತದೆ. ಆದರೂ ಲೆಕ್ಕ ಲೆಕ್ಕವೇ.

ಅರಿಶಿನದಲ್ಲಿ ಊತದ ಮೇಲೆ ಕೆಲಸ ಮಾಡುವುದು ಮುಖ್ಯವಾಗಿ ಕರ್ಕ್ಯುಮಿನ್. ಪುಡಿಯಲ್ಲಿ ಅದು ಇರುವುದು ನೂರಕ್ಕೆ ಸುಮಾರು 3 ಭಾಗ. ಒಂದು ಟೀ ಚಮಚ ಪುಡಿ ಅಂದರೆ ಸುಮಾರು 3 ಗ್ರಾಂ, ಅದರಲ್ಲಿ ಕರ್ಕ್ಯುಮಿನ್ 90 ಮಿಲಿಗ್ರಾಂ. ಮಂಡಿನೋವಿನ ಪ್ರಯೋಗಗಳಲ್ಲಿ ಕೊಟ್ಟಿರುವುದು ದಿನಕ್ಕೆ 1000 ಮಿಲಿಗ್ರಾಂ ಆಸುಪಾಸಿನ ಸತ್ವ. ಹಾಲಿನಿಂದಲೇ ಅಷ್ಟು ಸಿಗಬೇಕಾದರೆ ದಿನಕ್ಕೆ ಹನ್ನೊಂದು ಚಮಚ ಅರಿಶಿನ ಕಲಸಬೇಕು. ಅದು ಹಾಲಲ್ಲ, ಲಗ್ನದ ಮನೆಯ ಅರಿಶಿನದ ನೀರು. ಅಷ್ಟು ತಿನ್ನಲೂಬಾರದು, ಅರಿಶಿನದಲ್ಲಿ ಆಕ್ಸಲೇಟ್ ಜಾಸ್ತಿ, ಕಿಡ್ನಿ ಕಲ್ಲಿನವರಿಗೆ ತೊಂದರೆ.

ಇನ್ನೊಂದು ಕಷ್ಟ, ಕರ್ಕ್ಯುಮಿನ್ ಹೊಟ್ಟೆಯಿಂದ ರಕ್ತಕ್ಕೆ ಸುಲಭವಾಗಿ ಸೇರುವುದಿಲ್ಲ. ಈ ಗಂಟು ಬಿಡಿಸುವ ಒಂದು ದಾರಿ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರ ಕೆಲಸ 1998ರಲ್ಲಿ ಪ್ರಕಟವಾಯಿತು. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ 2000 ಶೇಕಡಾ ಜಾಸ್ತಿಯಾಯಿತು. ಪೈಪರಿನ್ ಅಂದರೆ ಕಾಳುಮೆಣಸಿನ ಖಾರ. ಎಂಟ್ಹತ್ತು ಕಾಳಿನಲ್ಲಿ ಅಷ್ಟು ಇರುತ್ತದೆ. ಇವತ್ತು ಪ್ರಪಂಚದ ಎಷ್ಟೋ ಅರಿಶಿನ ಡಬ್ಬಿಗಳ ಮೇಲೆ ಕಾಣುವ ಸಂಖ್ಯೆ ಇದೇ. ಅವರು ಅಳೆದದ್ದು ರಕ್ತದಲ್ಲಿ, ಮಂಡಿನೋವನ್ನಲ್ಲ ಅನ್ನುವುದನ್ನು ಮಾತ್ರ ಡಬ್ಬಿಯ ಮೇಲೆ ಬರೆದಿರುವುದಿಲ್ಲ.

ಮನೆಯಲ್ಲಿ ಮಾಡುವವರಿಗೆ: ಒಂದು ಲೋಟ ಹಾಲಿಗೆ ಅರ್ಧ ಟೀ ಚಮಚ ಅರಿಶಿನ, ಕುಟ್ಟಾಣಿಯಲ್ಲಿ ಆಗಷ್ಟೇ ಜಜ್ಜಿದ ನಾಲ್ಕು ಕಾಳುಮೆಣಸು, ಅರ್ಧ ಚಮಚ ತುಪ್ಪ. ಸಣ್ಣ ಉರಿಯಲ್ಲಿ ಐದು ನಿಮಿಷ. ಕರ್ಕ್ಯುಮಿನ್ ನೀರಿಗೆ ಕರಗುವುದಿಲ್ಲ, ಜಿಡ್ಡಿಗೆ ಕರಗುತ್ತದೆ, ಅದಕ್ಕೇ ತುಪ್ಪ. ರಾತ್ರಿ ಬೆಚ್ಚಗೆ ಕುಡಿಯಲು ಚೆನ್ನಾಗಿರುತ್ತದೆ. ಔಷಧಿ ಅಂತ ಲೆಕ್ಕ ಹಾಕಬೇಡಿ. ಒಗ್ಗರಣೆ ಎಣ್ಣೆಗೆ ಅರಿಶಿನ ಹಾಕುವ ನಮ್ಮ ಅಭ್ಯಾಸವೂ ಒಳ್ಳೆಯದೇ.

ಪುಡಿ ಶುದ್ಧವಾ ಅಂತ ನೋಡಲು ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ, ಕಲಕದೆ ಬಿಡಿ. ಒಳ್ಳೆಯ ಅರಿಶಿನ ತಳಕ್ಕೆ ಇಳಿಯುವಾಗ ನೀರು ತೆಳು ಹಳದಿಯಾಗುತ್ತದೆ. ಬಣ್ಣ ಬೆರೆಸಿದ್ದಾದರೆ ನೀರೇ ಗಾಢ ಹಳದಿಯಾಗುತ್ತದೆ. ಹೊಳಪಿಗೆ ಅಂತ ಲೆಡ್ ಕ್ರೋಮೇಟ್ ಸವರುವವರಿದ್ದಾರೆ, ಅದು ಸೀಸ. ನಾನು ಕೊಂಬು ತಂದು ಮಿಲ್ಲಿನಲ್ಲಿ ಎದುರೇ ಪುಡಿ ಮಾಡಿಸುತ್ತೇನೆ. ತೀರಾ ಥಳಥಳ ಹೊಳೆಯುವ ಕೊಂಬು ಮುಟ್ಟುವುದಿಲ್ಲ.

ಕ್ಯಾಪ್ಸೂಲ್ ತಗೊಳ್ಳುವವರು ‘ಕರ್ಕ್ಯುಮಿನಾಯ್ಡ್ (ಕರ್ಕ್ಯುಮಿನ್ ಮತ್ತು ಅದರ ಜಾತಿಯವು) 95 ಶೇಕಡಾ’ ಅಂತ ಇರುವುದನ್ನು ನೋಡಿ. ನಾನು ತಗೊಂಡದ್ದು 500 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಊಟದ ಜೊತೆ. ಥಾಯ್ಲೆಂಡಿನ ಒಂದು ಪ್ರಯೋಗ 2014ರಲ್ಲಿ ಪ್ರಕಟವಾಗಿದೆ. ಮಂಡಿ ಸವೆತದ 367 ಜನರಲ್ಲಿ ಕೆಲವರಿಗೆ ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸತ್ವ, ಉಳಿದವರಿಗೆ 1200 ಮಿಲಿಗ್ರಾಂ ಐಬುಪ್ರೊಫೆನ್, ನಾಲ್ಕು ವಾರ. ನೋವು ಇಳಿದದ್ದು ಹತ್ತಿರಹತ್ತಿರ ಒಂದೇ. ಹೊಟ್ಟೆಯ ತೊಂದರೆ ಅರಿಶಿನದವರಿಗೆ ಕಡಿಮೆ. ಇದನ್ನು ಓದಿ ಖುಷಿಯಿಂದಲೇ ಶುರು ಮಾಡಿದೆ.

ಎಂಟು ವಾರ ಕಳೆಯಿತು. ನೋವು ಆರರಿಂದ ಐದಕ್ಕೆ ಬಂತು. ಟೇಪು ಕದಲಲಿಲ್ಲ. ಮೆಟ್ಟಿಲು 29 ಸೆಕೆಂಡು. ತವರಿನ ಅರಿಶಿನವೇ ಕೈಕೊಟ್ಟಿತು ಅಂತ ಬೇಜಾರಾಯಿತು. ನಿಮಗೆ ಹಾಗಾಗಬೇಕಂತಿಲ್ಲ.

ಲಿವರಿನ ಮಾತು ಹೇಳಿಬಿಡುತ್ತೇನೆ. ಅಡುಗೆಯ ಅರಿಶಿನ ನಾವು ತಲೆಮಾರಿನಿಂದ ತಿಂದದ್ದು. ಆದರೆ ರಕ್ತಕ್ಕೆ ಜಾಸ್ತಿ ಸೇರುವಂತೆ ಮಾಡಿದ ಗಟ್ಟಿ ಕ್ಯಾಪ್ಸೂಲುಗಳಿಂದ ಲಿವರ್ ಕೆಟ್ಟ ಪ್ರಕರಣಗಳು ಇಟಲಿಯಲ್ಲಿ, ಅಮೆರಿಕದಲ್ಲಿ ದಾಖಲಾಗಿವೆ. ಆಸ್ಟ್ರೇಲಿಯಾದ ಔಷಧ ನಿಯಂತ್ರಕರು 2023ರಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟರು. ಅಪರೂಪ ನಿಜ. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಮೈತುರಿಕೆ, ಊಟ ಬೇಡ ಅನ್ನಿಸುವುದು, ಇವು ಕಂಡರೆ ಅವತ್ತೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಪಿತ್ತಕೋಶದಲ್ಲಿ ಕಲ್ಲಿರುವವರು, ಲಿವರ್ ಮೊದಲೇ ಸರಿಯಿಲ್ಲದವರು ಕ್ಯಾಪ್ಸೂಲಿನ ತಂಟೆಗೆ ಹೋಗಬೇಡಿ. ನನ್ನ ಓರಗಿತ್ತಿಗೆ ಅವಳ ಡಾಕ್ಟರು ಹೇಳಿದ್ದೂ ಅಷ್ಟೇ: ‘ಸಾರಿಗೆ ಎಷ್ಟು ಬೇಕಾದರೂ ಹಾಕಿಕೊಳ್ಳಿ, ಕ್ಯಾಪ್ಸೂಲ್ ಬೇಡ. ಮೆಥೊಟ್ರೆಕ್ಸೇಟೇ ಲಿವರಿಗೆ ಸಾಕಷ್ಟು ಕೆಲಸ ಕೊಡುತ್ತಿದೆ.’

ಶಲ್ಲಕಿ

ಇದು ನನಗೆ ಹಿಡಿಸಿತು. ಶಲ್ಲಕಿ ಅಂದರೆ ಮಧ್ಯಪ್ರದೇಶ, ರಾಜಸ್ಥಾನದ ಒಣಕಾಡುಗಳಲ್ಲಿ ಬೆಳೆಯುವ ಮರದ ಅಂಟು. ಧೂಪಕ್ಕೂ ಬಳಸುತ್ತಾರೆ. ಅದರಲ್ಲಿರುವ ಬೋಸ್ವೆಲಿಕ್ ಆ್ಯಸಿಡ್ ಊತ ಹುಟ್ಟಿಸುವ ಒಂದು ಕಿಣ್ವವನ್ನು ತಡೆಯುತ್ತದೆ. ನೋವಿನ ಮಾತ್ರೆ ತಡೆಯುವ ಕಿಣ್ವ ಬೇರೆ, ಇದು ಬೇರೆ. ನಾಗಪುರದ ವೈದ್ಯರು ಮಂಡಿ ಸವೆತದ 30 ಜನರ ಮೇಲೆ ಪ್ರಯೋಗ ಮಾಡಿ 2003ರಲ್ಲಿ ಪ್ರಕಟಿಸಿದರು. ದಿನಕ್ಕೆ ಮೂರು ಸಲ 333 ಮಿಲಿಗ್ರಾಂ, ಎಂಟು ವಾರ. ನೋವು, ಊತ ಎರಡೂ ಇಳಿದು ನಡಿಗೆ ಸುಧಾರಿಸಿತು. ಮೂವತ್ತೇ ಜನ, ಸಣ್ಣ ಪ್ರಯೋಗ. ಆಮೇಲೆ ಬಂದ ಕೆಲವು ಪ್ರಯೋಗಗಳೂ ಅದೇ ಕಡೆ ಕೈತೋರಿಸುತ್ತವೆ.

ಗ್ರಂಧಿಗೆ ಅಂಗಡಿಗೆ ಹೋಗಿ ಧೂಪದ ಉಂಡೆ ತಂದು ನುಂಗಬೇಡಿ. ನಾನು ಹೋಗಿ ಕೇಳಿದೆ ಅನ್ನಿ. ಅಂಗಡಿಯ ಯಜಮಾನರೇ ಬೈದರು: ‘ಏನಮ್ಮಾ, ಇದು ಹೊಗೆ ಹಾಕೋಕೆ. ಇದರಲ್ಲಿ ಏನೇನು ಬೆರೆಸಿದಾರೋ ನನಗೇ ಗೊತ್ತಿಲ್ಲ.’ ಹಾಗೆ ಹೇಳುವ ಅಂಗಡಿಯವರು ಸಿಗುವುದು ಪುಣ್ಯ. ಸತ್ವದ ಕ್ಯಾಪ್ಸೂಲ್ ತಗೊಳ್ಳಿ, ಬೋಸ್ವೆಲಿಕ್ ಆ್ಯಸಿಡ್ ಎಷ್ಟು ಶೇಕಡಾ ಅಂತ ಮೇಲೆ ಬರೆದಿರಬೇಕು. ಖಾಲಿ ಹೊಟ್ಟೆಗೆ ಬೇಡ. ಎಣ್ಣೆ, ತುಪ್ಪ, ಕಾಯಿ ಇರುವ ಊಟದ ಜೊತೆ ಚೆನ್ನಾಗಿ ಮೈಗೆ ಹತ್ತುತ್ತದೆ.

ನನಗೆ ಮೊದಲ ವಾರ ಹೊಟ್ಟೆ ಸ್ವಲ್ಪ ಸಡಿಲವಾಯಿತು, ಆಮೇಲೆ ಸರಿಹೋಯಿತು. ಮೂರನೇ ವಾರದವರೆಗೂ ಏನೂ ಇಲ್ಲ. ಐದನೇ ವಾರ ಟೇಪು 15 ಮುಕ್ಕಾಲಿನಿಂದ 15 ಅರೆಗೆ ಬಂತು. ಕಾಲಿಂಚು. ಬ್ಲೌಸಿನಲ್ಲಿ ಕಾಲಿಂಚಿಗೆ ಜಗಳ ಆಡುವ ಗಿರಾಕಿಗಳನ್ನು ನೋಡಿದ್ದೇನೆ, ಅದರ ಬೆಲೆ ಅವತ್ತು ಗೊತ್ತಾಯಿತು. ಎಂಟನೇ ವಾರಕ್ಕೆ ನೋವು ನಾಲ್ಕು, ಮೆಟ್ಟಿಲು 24 ಸೆಕೆಂಡು, ನೋವಿನ ಮಾತ್ರೆ ವಾರಕ್ಕೆ ಐದರಿಂದ ಒಂದಕ್ಕೆ.

ಶಲ್ಲಕಿ ಅಂತ ಹೇಳಿ ಗುಗ್ಗುಳು ಕೊಡುತ್ತಾರೆ, ಎರಡೂ ಒಂದೇ ಅಲ್ಲ. ಗುಗ್ಗುಳಿನ ಮರವೇ ಬೇರೆ. ಥೈರಾಯ್ಡ್ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಅದನ್ನು ಕೇಳದೆ ಮುಟ್ಟಬಾರದು. ಮಹಾಯೋಗರಾಜ ಗುಗ್ಗುಳಿನಲ್ಲಿ ಲೋಹದ ಭಸ್ಮಗಳೂ ಇರುತ್ತವೆ. ಓದಿದ ವೈದ್ಯರು ನಾಡಿ ನೋಡಿ ಕೊಟ್ಟರೆ ಅದು ಅವರ ಜವಾಬ್ದಾರಿ. ಪಕ್ಕದ ಮನೆಯವರ ಸೀಸೆಯಿಂದ ಎರಡು ಗುಳಿಗೆ ಇಸ್ಕೊಂಡು ತಿನ್ನುವುದು ಬೇರೆ ವಿಷಯ. ಇಂಟರ್‌ನೆಟ್‌ನಲ್ಲಿ ಮಾರುವ 193 ಆಯುರ್ವೇದ ಔಷಧಿಗಳನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡಿದ್ದರು. 2008ರ ವರದಿ. ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು.

ಮೀನೆಣ್ಣೆ, ಅಗಸೆ

ಮೀನೆಣ್ಣೆಗೆ ಹೆಚ್ಚು ಆಧಾರ ಇರುವುದು ರುಮಟಾಯ್ಡ್‌ನಲ್ಲಿ. ಹಾಗಾಗಿ ಇದರ ಲೆಕ್ಕ ಬರೆದವಳು ನನ್ನ ಓರಗಿತ್ತಿ. ಬೇಕಾದದ್ದು ಒಮೆಗಾ-3 ಅನ್ನುವ ಕೊಬ್ಬು, ಅದರಲ್ಲೂ ಇಪಿಎ, ಡಿಎಚ್‌ಎ ಅನ್ನುವ ಎರಡು ಬಗೆ, ಎರಡೂ ಸೇರಿ ದಿನಕ್ಕೆ ಸುಮಾರು 2.7 ಗ್ರಾಂ. ಫಲ ಕಾಣಲು ಮೂರು ತಿಂಗಳು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಡಬ್ಬಿಯ ಮುಂದೆ ದಪ್ಪಕ್ಷರದಲ್ಲಿ 1000 ಮಿಲಿಗ್ರಾಂ ಅಂತ ಇರುತ್ತದೆ. ಅದು ಎಣ್ಣೆಯ ತೂಕ. ಹಿಂದೆ ತಿರುಗಿಸಿ ನೋಡಿ. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120, ಒಟ್ಟು 300 ಮಿಲಿಗ್ರಾಂ. 2.7 ಗ್ರಾಂ ಆಗಬೇಕಾದರೆ ದಿನಕ್ಕೆ ಒಂಬತ್ತು! ದಿನಕ್ಕೊಂದು ನುಂಗಿ ‘ನನಗೇನೂ ಆಗಲಿಲ್ಲ’ ಅನ್ನುವವರೇ ಜಾಸ್ತಿ. ಎಣ್ಣೆ ಗಟ್ಟಿಯಾಗಿರುವ, ಒಂದರಲ್ಲೇ ಆರೇಳು ನೂರು ಮಿಲಿಗ್ರಾಂ ಇಪಿಎ-ಡಿಎಚ್‌ಎ ಇರುವ ಕ್ಯಾಪ್ಸೂಲ್ ಸಿಗುತ್ತದೆ, ನಾಲ್ಕರಲ್ಲಿ ಮುಗಿಯುತ್ತದೆ. ದುಬಾರಿ, ಆದರೆ ಮಿಲಿಗ್ರಾಂ ಲೆಕ್ಕ ಹಾಕಿದರೆ ಎಷ್ಟೋ ಸಲ ಅದೇ ಅಗ್ಗ. ಕಾಡ್ ಲಿವರ್ ಎಣ್ಣೆಯ ಹಳದಿ ಗುಂಡುಗಳನ್ನು ಮಾತ್ರ ಈ ಲೆಕ್ಕದಲ್ಲಿ ನುಂಗಬೇಡಿ. ಅದರಲ್ಲಿ ವಿಟಮಿನ್ ಎ ಇದೆ, ಜಾಸ್ತಿಯಾದರೆ ವಿಷ.

ಮೀನಿನ ತೇಗು ತಡೆಯಲಾಗದೆ ಅವಳು ಮೊದಲ ವಾರವೇ ಬಿಡುತ್ತಿದ್ದಳು. ಡಬ್ಬಿಯನ್ನು ಫ್ರೀಜರಿನಲ್ಲಿಟ್ಟು, ಊಟದ ಮೊದಲ ತುತ್ತಿನ ಜೊತೆ ನುಂಗುವುದನ್ನು ಕಲಿತ ಮೇಲೆ ಸರಿಹೋಯಿತು. ಮೂರೂವರೆ ತಿಂಗಳಿಗೆ ಬೆಳಗಿನ ಬಿಗಿತ ಒಂದು ಗಂಟೆಯಿಂದ ಮೂವತ್ತೈದು ನಿಮಿಷಕ್ಕೆ ಇಳಿದಿದೆ. ಮೆಥೊಟ್ರೆಕ್ಸೇಟ್ ಜೊತೆಯಲ್ಲೇ ಇದೆ, ಅದನ್ನು ಮರೆಯಬಾರದು.

ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಸಾಕು, ಅಂಜಲ್‌ಗೆ ಕೊಡುವಷ್ಟು ದುಡ್ಡು ಬೇಡ. ವಾರಕ್ಕೆ ಎರಡು ಮೂರು ಸಲ. ಕರಿಯುವುದಕ್ಕಿಂತ ಸಾರು, ಪುಳಿಮುಂಚಿ ಮೇಲು.

ಮೀನು ಮುಟ್ಟದವರಿಗೆ ಅಗಸೆ ಬೀಜ. ನಮ್ಮ ಮೇಲ್ಮನೆಯಲ್ಲಿ ಬಾಗಲಕೋಟೆಯವರಿದ್ದಾರೆ, ಅವರ ಅಗಸಿ ಚಟ್ನಿಪುಡಿಗೆ ನಾನು ಸೋತಿದ್ದೇನೆ. ಆದರೆ ಅಗಸೆಯ ಒಮೆಗಾ-3 ಬೇರೆ ಥರದ್ದು. ಅದರಲ್ಲಿ ತೀರಾ ಸ್ವಲ್ಪ ಭಾಗ ಮಾತ್ರ ಮೈಯಲ್ಲಿ ಇಪಿಎ ಆಗಿ ಬದಲಾಗುತ್ತದೆ. ಪುಡಿ ಮಾಡಿಯೇ ತಿನ್ನಿ, ಇಡೀ ಬೀಜ ಹೋದ ಹಾಗೇ ಹೊರಗೆ ಬರುತ್ತದೆ. ಗುರೆಳ್ಳನ್ನು ಅಗಸೆಯ ಜಾಗಕ್ಕೆ ಹಾಕಿಕೊಳ್ಳಬೇಡಿ. ರುಚಿ ಸರಿ, ಅದರಲ್ಲಿರುವುದು ಒಮೆಗಾ-6.

ಉಳಿದವು

ಶುಂಠಿ: ಸವೆತದ ನೋವಿಗೆ ಸ್ವಲ್ಪ ಉಪಯೋಗ ಇದೆ ಅಂತ ಪ್ರಯೋಗಗಳು ಹೇಳುತ್ತವೆ, ಹೊಟ್ಟೆ ಉರಿ ಅಂತ ನಡುವೆ ಬಿಟ್ಟವರೂ ಜಾಸ್ತಿ. ನಾನೂ ಅವರಲ್ಲೊಬ್ಬಳು. ಗ್ಲುಕೋಸಮೈನ್: 2006ರಲ್ಲಿ ಅಮೆರಿಕದಲ್ಲಿ 1583 ಜನರ ಮೇಲೆ ಆರು ತಿಂಗಳು ನಡೆದ ದೊಡ್ಡ ಪ್ರಯೋಗದ ವರದಿ ಬಂತು, ಒಟ್ಟಾರೆ ನೋಡಿದರೆ ಔಷಧಿಯೇ ಇಲ್ಲದ ಸುಳ್ಳು ಗುಳಿಗೆಗಿಂತ ಮೇಲೇನಲ್ಲ. ಎದುರುಮನೆಯ ಡಬ್ಬಿ ವಾಪಸ್ ಕೊಟ್ಟೆ. ಅದನ್ನು ಸಿಗಡಿ, ಏಡಿಯ ಚಿಪ್ಪಿನಿಂದ ಮಾಡುತ್ತಾರೆ, ಸಸ್ಯಾಹಾರಿಗಳೂ ಅಲರ್ಜಿ ಇರುವವರೂ ನೋಡಿಕೊಳ್ಳಿ. ಹರಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿದರೆ ಹಿತ, ಅದು ಬಿಸಿಯ ಹಿತ, ನೀವಿದ ಕೈಯ ಹಿತ. ಹಚ್ಚಿಕೊಳ್ಳಿ, ನಷ್ಟವಿಲ್ಲ.

ವಿಟಮಿನ್ ಡಿ ಕಡಿಮೆ ಇದ್ದರೆ ಸರಿಮಾಡಿಕೊಳ್ಳಬೇಕು, ಆದರೆ 60,000 ಯೂನಿಟ್ಟಿನದು ವಾರಕ್ಕೊಂದು. ದಿನಾ ನುಂಗಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಿದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಅಮೃತಬಳ್ಳಿಯ ಬಗ್ಗೆ ಬೈಸಿಕೊಂಡರೂ ಪರವಾಗಿಲ್ಲ, ಹೇಳುತ್ತೇನೆ. ಕೊರೋನಾ ಕಾಲದಲ್ಲಿ ಎಲ್ಲರೂ ಕಷಾಯ ಕುಡಿದರಲ್ಲ, ಆಗ ಅದರಿಂದ ಲಿವರ್ ಊದಿದವರನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಮುಂದಿನ ವರ್ಷ ದೇಶದ ಬೇರೆಬೇರೆ ಆಸ್ಪತ್ರೆಗಳ 43 ಜನರ ವರದಿ ಬಂತು. ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಬಳ್ಳಿ ಅದು. ಮೈಯ ರಕ್ಷಣೆಯೇ ತಿರುಗಿಬಿದ್ದಿರುವ ರುಮಟಾಯ್ಡ್‌ನವರಿಗೆ ಅದು ಬೇಕಾ, ನೀವೇ ಯೋಚಿಸಿ.

ಪೊಟ್ಟಣದ ಪುಡಿ

ಇದು ನನ್ನ ಪೆದ್ದುತನ. ಒಬ್ಬರು ನಾಟಿ ಔಷಧಿ ಕೊಡುತ್ತಾರೆ ಅಂತ ಗಿರಾಕಿಯೊಬ್ಬರು ಹೇಳಿದರು. ಹೆಸರು ಬೇಡ, ಊರೂ ಬೇಡ. ಪೇಪರಿನಲ್ಲಿ ಕಟ್ಟಿದ ಅರವತ್ತು ಪೊಟ್ಟಣ ಕಂದು ಪುಡಿ. ‘ಬರೀ ಬೇರು, ತೊಗಟೆ, ಸೈಡ್ ಎಫೆಕ್ಟೇ ಇಲ್ಲ.’ ಮೂರನೇ ದಿನ ಹದಿನಾಲ್ಕು ಮೆಟ್ಟಿಲು ಹದಿನೈದು ಸೆಕೆಂಡಿನಲ್ಲಿ ಹತ್ತಿದೆ. ಹುಡುಗಿ ಹಾಗೆ. ನೋಟ್‌ಬುಕ್ಕಿನಲ್ಲಿ ‘ಪವಾಡ’ ಅಂತ ಬರೆದಿದ್ದೇನೆ, ಇನ್ನೂ ಇದೆ.

ಹಸಿವು ಹೆಚ್ಚಿತು. ಮುಖ ತುಂಬಿಕೊಂಡಿತು. ‘ಅಕ್ಕಾ, ಕಳೆ ಬಂದಿದೆ ನಿಮಗೆ’ ಅಂದರು. ಎರಡು ತಿಂಗಳಲ್ಲಿ ನನ್ನ ಬ್ಲೌಸಿನ ಪಕ್ಕದ ಹೊಲಿಗೆಯನ್ನು ನಾನೇ ಎರಡು ಸಲ ಬಿಚ್ಚಿದೆ. ಊರಿನವರ ಅಳತೆ ನೋಡುವವಳಿಗೆ ತನ್ನ ಅಳತೆ ಯಾಕೆ ಏರುತ್ತಿದೆ ಅಂತ ಹೊಳೆಯಲಿಲ್ಲ. ಶುಗರ್ ಪರೀಕ್ಷೆಯಲ್ಲಿ 210 ಬಂದಾಗ ಡಾಕ್ಟರು ಮುಖ ನೋಡಿಯೇ ಕೇಳಿದರು, ‘ಯಾವ ಪುಡಿ ತಿಂತಿದೀರಾ?’ ಸ್ಟೀರಾಯ್ಡ್ ಬೆರೆಸಿದ ಪುಡಿ. ಲ್ಯಾಬಿಗೆ ಕಳಿಸಲಿಲ್ಲ, ಅವರಿಗೆ ಅನುಮಾನವೇ ಇರಲಿಲ್ಲ. ನಾನು ಅಲ್ಲೇ ‘ಇವತ್ತಿಂದ ಬಿಟ್ಟೆ’ ಅಂದೆ. ‘ದಿಢೀರ್ ಬಿಡಬೇಡಿ, ಪ್ರಾಣಕ್ಕೆ ಅಪಾಯ’ ಅಂತ ಲೆಕ್ಕದ ಮಾತ್ರೆ ಬರೆದುಕೊಟ್ಟು ವಾರವಾರ ಇಳಿಸಿದರು.

ನೆನಪಿಡಿ: ಗಿಡಮೂಲಿಕೆ ಊತ ಇಳಿಸಲು ವಾರಗಟ್ಟಲೆ ಬೇಕು. ಮೂರೇ ದಿನಕ್ಕೆ ನೋವು ಮಾಯವಾದರೆ ಖುಷಿಪಡಬೇಡಿ, ಪೊಟ್ಟಣ ಹಿಡಿದು ಡಾಕ್ಟರ ಹತ್ತಿರ ಹೋಗಿ. ಲೇಬಲ್ ಇಲ್ಲದ್ದು, ತಯಾರಕರ ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಕೊನೆಯ ತಾರೀಖು ಇಲ್ಲದ್ದು ಯಾವುದೂ ಬೇಡ.

ಶುರು ಮಾಡುವ ಮೊದಲು

ನೀವು ನುಂಗುವ ಮಾತ್ರೆಯ ಹಾಳೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಡಾಕ್ಟರ ಅಥವಾ ಮೆಡಿಕಲ್ ಶಾಪಿನ ಫಾರ್ಮಸಿಸ್ಟರ ಮುಂದೆ ಸುರಿಯಿರಿ. ರಕ್ತ ತೆಳು ಮಾಡುವ ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್ ಇದ್ದರೆ ಅರಿಶಿನದ ಸತ್ವ, ಶುಂಠಿ ಸತ್ವ, ಮೀನೆಣ್ಣೆ, ಗ್ಲುಕೋಸಮೈನ್ ಇವುಗಳಿಂದ ರಕ್ತ ಸೋರುವ ಅಪಾಯ ಏರಬಹುದು. ಪೈಪರಿನ್ ಕರ್ಕ್ಯುಮಿನನ್ನು ಮಾತ್ರ ಅಲ್ಲ, ಬೇರೆ ಕೆಲವು ಮಾತ್ರೆಗಳನ್ನೂ ರಕ್ತಕ್ಕೆ ಜಾಸ್ತಿ ಏರಿಸುತ್ತದೆ. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ಇವನ್ನು ನಿಲ್ಲಿಸುವ ಮಾತಾಡಿ. ಹಲ್ಲು ಕೀಳಿಸುವಾಗಲೂ ಹೇಳಿ. ಬಸುರಿ, ಬಾಣಂತಿಯರಿಗೆ ಈ ಕ್ಯಾಪ್ಸೂಲುಗಳು ಬೇಡ.

ಇನ್ನೊಂದು. ಈ ಎರಡು ವರ್ಷದಲ್ಲಿ ನಾನು ಮೆಷಿನ್ನಿಗೆ ಮೋಟರ್ ಹಾಕಿಸಿದೆ, ಆರು ಕಿಲೋ ಇಳಿದೆ, ತೊಡೆಯ ವ್ಯಾಯಾಮ ದಿನಾ ಮಾಡುತ್ತೇನೆ. ಮೈಯ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋ ಇಳಿಯುತ್ತದಂತೆ. ಆ ಲೆಕ್ಕದಲ್ಲಿ ಶಲ್ಲಕಿಗೆ ನಾನು ಕೊಟ್ಟ ಹೆಸರಿನಲ್ಲಿ ಅರ್ಧ ಈ ಆರು ಕಿಲೋಗೆ ಸೇರಬೇಕೋ ಏನೋ.

ಅದನ್ನೇ ಈಗ ನೋಡುತ್ತಿರುವುದು. ಶಲ್ಲಕಿ ನಿಲ್ಲಿಸಿ ಇವತ್ತಿಗೆ ಒಂಬತ್ತು ದಿನ. ಮೊದಲ ಐದು ದಿನ 15 ಅರೆಯಲ್ಲೇ ಇತ್ತು. ನಿನ್ನೆ 15 ಅರೆ ಮೇಲೆ ಒಂದು ಗೆರೆ. ಇವತ್ತು ಮುಕ್ಕಾಲು. ನಿನ್ನೆ ಒಂದು ಮದುವೆಯ ಆರ್ಡರಿಗೆ ಜಾಸ್ತಿ ಹೊತ್ತು ನಿಂತು ಬಟ್ಟೆ ಕತ್ತರಿಸಿದ್ದೂ ಇದೆ, ಅದನ್ನೂ ಪಕ್ಕದಲ್ಲಿ ಬರೆದಿದ್ದೇನೆ. ಇನ್ನು ಐದು ದಿನ ಬಾಕಿ. ಆಮೇಲೆ ನೋಡಿ ಮುಂದಿನ ಸೀಸೆ ತರುವುದಾ ಬೇಡವಾ ಅಂತ.